ನೆಲದಾಗಿನ ರೊಕ್ಕ

ನಾನು ಮೆಟಲ್ ಡಿಟೆಕ್ಟರ್ ಹಿಡಿದು ನೆಲ ಅಗೆಯುತ್ತೇನೆ ಎಂದು ಗೊತ್ತಾದ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ, ಬಂಗಾರ ಸಿಕ್ಕಿದೆಯಾ ಎಂದು. ಎರಡನೆಯದು, ಮಕ್ಕಳೆಷ್ಟು ಎಂದು. ಎರಡಕ್ಕೂ ಇಲ್ಲ ಎನ್ನುತ್ತೇನೆ. ಮೊದಲನೆಯ ಇಲ್ಲಕ್ಕೆ ನಗುತ್ತಾರೆ, ಎರಡನೆಯದಕ್ಕೆ ದನಿ ಇಳಿಸಿ ಯಾವುದಾದರೂ ದೇವರ ಹೆಸರು ಹೇಳುತ್ತಾರೆ. ನನಗೆ ಅವರ ಮರುಕ ಬೇಡ. ಬೇಡ ಎಂದು ಮುಖಕ್ಕೇ ಹೇಳಿದ್ದೇನೆ, ಅದಕ್ಕೇ ನಾವಿರುವ ಗಿರಾವೀನ್ ಬಡಾವಣೆಯ ಅರ್ಧಕ್ಕರ್ಧ ಆಂಟಿಯರು ನನ್ನನ್ನು ಜಗಳಗಂಟಿ ಎನ್ನುತ್ತಾರೆ.

ಆದರೆ ಈ ಎರಡು ಪ್ರಶ್ನೆಗಳಿಗೆ ಒಂದೇ ಗಂಟು ಹಾಕಿದವರು ನನ್ನ ಅತ್ತೆ. ನೆಲದೊಳಗಿನ ದುಡ್ಡು ಮುಟ್ಟುವ ಹೆಂಗಸಿಗೆ ಮಕ್ಕಳು ದಕ್ಕುವುದಿಲ್ಲ, ನಿನಗೆ ಆಗದಿರುವುದು ಅದಕ್ಕೇ ಎಂದು ಅವರು ಹೇಳಿದರು. ಅದು ಎರಡು ಸಾವಿರದ ಎಂಟು, ಸಿಡ್ನಿಯಲ್ಲಿ ನನಗೆ ಮೂರನೆಯ ಐವಿಎಫ್ ನಡೆಯುತ್ತಿದ್ದ ಕಾಲ. ಅದಕ್ಕೆ ನಾನು ಏನು ಹೇಳಿದೆ, ಅವರು ಏನು ಮಾಡಿದರು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಅಗೆಯುವ ಚಟ ಹತ್ತಿದ್ದು ಮೆಲ್ಬೋರ್ನ್‌ನಲ್ಲಿ. ಯೂನಿವರ್ಸಿಟಿಗೆಂದು ಕ್ಲೇಟನ್‌ಗೆ ಬಂದಿದ್ದೆ. ಐದು ಜನ ಹುಡುಗಿಯರು ಸೇರಿ ಒಂದು ಹಳೆಯ ಮರದ ಮನೆಯನ್ನು ರೆಂಟ್‌ಗೆ ಹಿಡಿದಿದ್ದೆವು. ಪಕ್ಕದ ಮನೆಯಲ್ಲಿ ಟ್ರಾಮ್ ಓಡಿಸಿ ರಿಟೈರ್ ಆದ ಒಬ್ಬ ಮುದುಕ. ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು, ತುದಿಗೆ ತಟ್ಟೆ ಕೂರಿಸಿದ ಕೋಲೊಂದನ್ನು ಮನೆ ಮುಂದೆ ಬೀದಿ ಬದಿಯ ಹುಲ್ಲಿನ ಮೇಲೆ ಆಚೀಚೆ ಬೀಸುತ್ತ ನಡೆಯುತ್ತಿದ್ದ. ಹುಲ್ಲಿಗೆ ಔಷಧಿ ಹೊಡೆಯುತ್ತಿದ್ದಾನೆ ಎಂದುಕೊಂಡಿದ್ದೆ. ಒಂದು ದಿನ ಬೇಲಿಯ ಮೇಲಿಂದ ಕೇಳಿಯೇಬಿಟ್ಟೆ. ಅವನು ಉತ್ತರ ಕೊಡುವ ಬದಲು ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ. ಕಿವಿಗಿಟ್ಟುಕೊಂಡರೆ ಕುಂಯ್ ಎಂದು ಸದ್ದು. ಇಲ್ಲೇ ಅಗೆ ಎಂದು ಒಂದು ಚಿಕ್ಕ ಸಲಿಕೆಯನ್ನೂ ಕೊಟ್ಟ.

ಮೊದಲು ಸಿಕ್ಕಿದ್ದು ಬಿಯರ್ ಬಾಟಲಿಯ ಮುಚ್ಚಳ. ಆಮೇಲೆ ತುಕ್ಕು ಹಿಡಿದ ಮೊಳೆ. ಮೂರನೆಯ ಸಲ, ಗೇಣುದ್ದವೂ ಇಲ್ಲದ ಗುಂಡಿಯಲ್ಲಿ, ಹಸಿರುಗಪ್ಪು ಬಣ್ಣದ ಒಂದು ಬಿಲ್ಲೆ. ಹಳೆಯ ಪೆನ್ನಿ, ನೀನೇ ಇಟ್ಟುಕೋ ಎಂದ. ಈ ದೇಶದಲ್ಲಿ ಡಾಲರು ಸೆಂಟು ಬರುವ ಮೊದಲು ಓಡಾಡುತ್ತಿದ್ದ ತಾಮ್ರದ ನಾಣ್ಯ ಅದು. ಉಗುರಿನೊಳಗೆ ಹೊಕ್ಕ ಮಣ್ಣು ಎರಡು ದಿನ ಹೋಗಲಿಲ್ಲ, ನನಗೆ ಅದೇ ಸಂತೋಷ. ನಮ್ಮೂರು ಹುಬ್ಬಳ್ಳಿಯಲ್ಲಿ ಯಾರು ತಾನೇ ನನ್ನನ್ನು ಹಾಗೆ ಬೀದಿ ಬದಿಯ ಹುಲ್ಲಿನಲ್ಲಿ ಮಂಡಿಯೂರಿ ಅಗೆಯಲು ಬಿಡುತ್ತಿದ್ದರು?

ಇನ್ನು ನಾನು ಮಾಡಿದ ತಪ್ಪು. ನಮ್ಮ ಮನೆಯಲ್ಲಿ ತಾಮ್ರ, ಹಿತ್ತಾಳೆ ಬೆಳಗುವುದು ನನ್ನ ಪಾಲಿನ ಕೆಲಸವಾಗಿತ್ತು. ಹಬ್ಬದ ಹಿಂದಿನ ದಿನ ದೇವರ ಸಾಮಾನೆಲ್ಲ ನನ್ನ ಮುಂದೆ ಬಂದು ಬೀಳುತ್ತಿತ್ತು. ನೆನೆಸಿದ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಬೆಳ್ಳಿಯದಾದರೆ ವಿಭೂತಿ. ತಂಬಿಗೆಯಲ್ಲಿ ಮುಖ ಕಾಣಬೇಕು, ಇಲ್ಲದಿದ್ದರೆ ಅವ್ವ ಮತ್ತೊಮ್ಮೆ ತಿಕ್ಕಲು ಕೂರಿಸುತ್ತಿದ್ದಳು. ಹಾಗೆ ಪಳಗಿದ ಕೈಗೆ ಕಪ್ಪು ಹಿಡಿದ ತಾಮ್ರ ಸಿಕ್ಕರೆ ಏನಾದೀತು? ಸಾರಿಗೆಂದು ಇಟ್ಟಿದ್ದ ಹುಣಸೆಹಣ್ಣನ್ನು ನೆನೆಸಿದೆ, ಉಪ್ಪು ಹಾಕಿದೆ, ಪಾತ್ರೆ ಉಜ್ಜುವ ಸ್ಕ್ರಬ್ಬರ್ ತೆಗೆದುಕೊಂಡು ಹತ್ತು ನಿಮಿಷ ತಿಕ್ಕಿದೆ. ನಾಣ್ಯ ಥಳಥಳ ಎಂದಿತು. ಮರುದಿನ ಹೆಮ್ಮೆಯಿಂದ ಮುದುಕನಿಗೆ ತೋರಿಸಿದೆ.

ಅವನು ಅದನ್ನು ಅಂಗೈಯಲ್ಲಿ ತಿರುವಿ ನೋಡಿದ. ಆಮೇಲೆ ಒಳಗೆ ಹೋಗಿ ಭೂತಗನ್ನಡಿ ತಂದ. ನಾಣ್ಯದ ಮೇಲಿನ ರಾಜನ ಗಡ್ಡದ ಕೂದಲು ನೋಡು ಎಂದ. ಗಡ್ಡ ಇತ್ತು, ಕೂದಲು ಇರಲಿಲ್ಲ, ಎಲ್ಲ ನುಣ್ಣಗಾಗಿತ್ತು. ತಾಮ್ರದ ಮೇಲಿದ್ದ ಆ ಹಸಿರುಗಪ್ಪು ಬಣ್ಣ ಕೊಳೆಯಲ್ಲ, ಅದು ನಾಣ್ಯದ ಚರ್ಮ, ಮಣ್ಣಿನೊಳಗೆ ಕೂತು ಕೂತು ಅದೇ ಬೆಳೆಸಿಕೊಂಡದ್ದು, ನೀನು ಹುಳಿ ಹಾಕಿ ಅದನ್ನು ಸುಲಿದಿದ್ದೀಯ ಎಂದ.

"ನಮ್ಮಲ್ಲಿ ಇದನ್ನು ಸ್ವಚ್ಛ ಮಾಡುವುದು ಅಂತಾರೆ," ಎಂದೆ.

"ನಮ್ಮಲ್ಲಿ ಕೊಲೆ ಮಾಡುವುದು ಅಂತೀವಿ," ಎಂದ.

ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಹೋಗಿ, ಹಾಗಾದರೆ ಹೇಗೆ ತೊಳೆಯಬೇಕು, ನೀನೇ ಕಲಿಸು ಎಂದೆ. ಕಲಿಸಿದ. ಅವನು ಹೇಳಿಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಏನೂ ಮಾಡದೆ ಕಾಯುವುದೇ. ಮಣ್ಣು ಒಣಗಿದ್ದರೆ ಉಜ್ಜಬಾರದು, ನೀರಲ್ಲಿ ನೆನೆಯಲು ಬಿಡಬೇಕು. ಅದೂ ನಲ್ಲಿಯ ನೀರಲ್ಲ, ಕಾರಿನ ಬ್ಯಾಟರಿಗೆ ಹಾಕುವ ಶುದ್ಧ ನೀರು. ಹೋಗದಿದ್ದರೆ ಆಲಿವ್ ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಮರೆತುಬಿಡಬೇಕು. ಆಮೇಲೆ ಹಲ್ಲುಕಡ್ಡಿಯ ತುದಿಯಿಂದ ಅಕ್ಷರಗಳ ಸಂದಿಯಲ್ಲಿರುವ ಮಣ್ಣನ್ನಷ್ಟೇ ಎಬ್ಬಿಸಬೇಕು. ಬೆಳ್ಳಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ, ಅದು ನೆಲದಿಂದ ಬರುವಾಗಲೇ ಬಿಳಿಯಾಗಿ ಬರುತ್ತದೆ. ತಾಮ್ರ ಹಾಗಲ್ಲ, ಮಣ್ಣಿನ ಹತ್ತಿರ ಕೊಟ್ಟು ತೆಗೆದುಕೊಂಡು ಮಾಡಿಯೇ ಮೇಲೆ ಬರುವುದು. ನನಗೆ ಬೆಳ್ಳಿಗಿಂತ ತಾಮ್ರವೇ ಮೆಚ್ಚುಗೆಯಾಯಿತು. ಓದು ಮುಗಿಯುವಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಡಿಟೆಕ್ಟರ್ ಒಂದನ್ನು ನಾನೂ ಕೊಂಡಿದ್ದೆ.

ಗಂಡ ಸಿಕ್ಕಿದ್ದೂ ಅದೇ ಯೂನಿವರ್ಸಿಟಿಯಲ್ಲಿ. ಧಾರವಾಡದವನು. ಮದುವೆಯಾಗಿ, ಪಿಆರ್, ಎಂದರೆ ಇಲ್ಲೇ ನೆಲೆಸುವ ಪರವಾನಗಿ, ಬಂದು, ಅವನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕ ಮೇಲೆ ಗಿರಾವೀನ್‌ಗೆ ಬಂದೆವು. ನನಗೂ ಪ್ಯಾರಮಟ್ಟಾದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಇಡೀ ದಿನ ಬೇರೆಯವರ ತಪ್ಪು ಹುಡುಕುವುದು. ಆಗ ಸುತ್ತಮುತ್ತ ಹಳೆಯ ಮನೆಗಳನ್ನು ಕೆಡವಿ ಒಂದರ ಜಾಗದಲ್ಲಿ ಎರಡು ಕಟ್ಟುವುದು ಜೋರಾಗಿತ್ತು. ಕೆಡವುವ ಮನೆ ಕಂಡರೆ ಓನರ್ ಹತ್ತಿರ ಹೋಗಿ, ಹಿತ್ತಿಲಲ್ಲಿ ಒಂದು ಶನಿವಾರ ಹುಡುಕಲೇ ಎಂದು ಕೇಳುವೆ. ಹೆಚ್ಚಿನವರು ತಲೆ ಕೆಟ್ಟವಳು ಎಂದುಕೊಂಡೇ ಒಪ್ಪುವರು. ಬಟ್ಟೆ ಒಣಗಿಸುವ ತಂತಿಯ ಕೆಳಗೆ ಬಹಳ ಸಿಗುತ್ತಿತ್ತು. ಗಂಡಸರ ಪ್ಯಾಂಟನ್ನು ತಲೆಕೆಳಗಾಗಿ ನೇತು ಹಾಕುವಾಗ ಜೇಬಿನಿಂದ ಉದುರಿದ ಪೆನ್ನಿಗಳು, ಮೂರು ಪೆನ್ಸಿನ ಪುಟಾಣಿ ಬೆಳ್ಳಿ ನಾಣ್ಯಗಳು, ಕೋಟಿನ ಗುಂಡಿಗಳು, ಒಂದು ಸಲ ಸೀಸದ ಆಟಿಕೆ ಕುದುರೆ ಸವಾರ.

ಗಂಡ ತಮಾಷೆ ಮಾಡುತ್ತಿದ್ದ. "ಗುಡ್ಡ ಅಗದು ಇಲಿ ಹಿಡಿದು ಬಂದ್ಯಾ?" ಎನ್ನುವನು. ಹಾಗೆಂದರೂ ಗ್ಯಾರೇಜಿನಲ್ಲಿ ನನಗೊಂದು ಹಲಗೆ ಹೊಡೆದು ಕೊಟ್ಟ. ಅದರ ಮೇಲೆ ಜಾಮ್ ಬಾಟಲಿಗಳ ಸಾಲು, ಒಂದೊಂದರಲ್ಲಿ ಎಣ್ಣೆ, ಎಣ್ಣೆಯಲ್ಲಿ ನಾಣ್ಯ. ತೊಳೆದು ಮುಗಿದವನ್ನು ಮೆತ್ತನೆಯ ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ ಒಂದೊಂದನ್ನೂ ತೆಗೆದು ನೋಡುವುದು, ಮತ್ತೆ ಇಡುವುದು.

ಆ ಗಾದೆಯನ್ನು ನಾನು ಬೇಕೆಂದೇ ಹೇಳಿದೆ. ಬೇರೆಯವರು ನನ್ನ ಬೆನ್ನ ಹಿಂದೆ ಹೇಳುವ ಮೊದಲು ನಾನೇ ಹೇಳುವುದು ಮೇಲು. ಮಕ್ಕಳು ಬೇಕು ಎಂದು ನಮಗೆ ಬಹಳ ಆಸೆಯಿತ್ತು. ಎರಡು ವರ್ಷ ಕಾದೆವು, ಆಮೇಲೆ ಡಾಕ್ಟರು, ಟೆಸ್ಟು, ಐವಿಎಫ್. ಫ್ರಿಜ್ಜಿನಲ್ಲಿ ಕಾಯಿತುರಿಯ ಪಕ್ಕ ಇಂಜೆಕ್ಷನ್ ಡಬ್ಬಿ. ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಎರಡು ಸಲ ಮಾಡಿಸಿದರೂ ನಿಲ್ಲಲಿಲ್ಲ. ಕಾರಣ ಏನು ಎಂದು ಕೇಳಿದರೆ ಡಾಕ್ಟರಮ್ಮ ನೇರವಾಗಿ, ಗೊತ್ತಿಲ್ಲ ಎಂದರು. ಇಬ್ಬರಲ್ಲೂ ದೋಷವಿಲ್ಲ, ಕೆಲವರಿಗೆ ಕಾರಣ ಸಿಗುವುದೇ ಇಲ್ಲ ಎಂದರು. ಕಾರಣವಿಲ್ಲದ್ದನ್ನು ಸಹಿಸುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿದದ್ದು.

ಮೂರನೆಯ ಸಲ ಶುರುವಾಗುವ ತಿಂಗಳು ಅತ್ತೆ ಬಂದರು. ಮಾವ ಧಾರವಾಡದಲ್ಲೇ ಮಗಳ ಮನೆಯಲ್ಲಿ ಉಳಿದರು. ಅತ್ತೆ ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವರು, ಮಾತು ಕಡಿಮೆ, ಕೆಲಸ ಚುರುಕು. ಬಂದ ಮೂರನೆಯ ದಿನಕ್ಕೆ ನನ್ನ ಅಡುಗೆಮನೆ ಅವರದಾಗಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಎರಡೂ ಅವರದೇ ಕಾಲ ಎಂದು ನಾನು ಗಂಡನಿಗೆ ಚುಚ್ಚುತ್ತಿದ್ದೆ. ಆದರೂ ನನಗೆ ಅವರನ್ನು ಕಂಡರೆ ಇಷ್ಟವಿತ್ತು. ಇಂಜೆಕ್ಷನ್ ಚುಚ್ಚಿಕೊಂಡು ಬಂದರೆ ಏನೂ ಕೇಳದೆ ಬಿಸಿ ಹಾಲು ಮುಂದೆ ಇಡುತ್ತಿದ್ದರು.

ಒಂದು ಶನಿವಾರ ಗ್ಯಾರೇಜಿಗೆ ಹೋದವರು ಒಂದು ಬಾಟಲಿ ಹಿಡಿದುಕೊಂಡು ಒಳಗೆ ಬಂದರು.

"ಏನವಾ, ಈ ಉಪ್ಪಿನಕಾಯಿಗೆ ಖಾರಾನ ಹಾಕಿಲ್ಲಲ್ಲ? ಬರೇ ಎಣ್ಣಿ ಐತಿ."

"ಅದು ಉಪ್ಪಿನಕಾಯಿ ಅಲ್ರೀ ಅತ್ತಿ, ರೊಕ್ಕ."

"ರೊಕ್ಕಾ? ಎಲ್ಲೀದು?"

"ನೆಲದಾಗಿಂದು. ನಾನ ಅಗದು ತೆಗದದ್ದು."

ಅವರು ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನಲ್ಲಿ ತಿರುಗಿಸಿ ಕೈ ತೊಳೆದರು, ಸೆರಗಿಗೆ ಒರೆಸಿಕೊಂಡು ಮತ್ತೊಮ್ಮೆ ತೊಳೆದರು. ಎಣ್ಣೆ ಜಿಡ್ಡಿಗೆ ಎಂದು ನಾನು ಅಂದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದರು. "ನೆಲದಾಗಿನ ರೊಕ್ಕ ನಮ್ದಲ್ಲ ಯವ್ವಾ. ಅದನ್ನ ಕಾಯವರು ಇರ್ತಾರ. ನಾವು ಒಂದು ತಗೊಂಡ್ರ ಅವರೂ ಒಂದು ತಗೋತಾರ."

"ಏನ್ ತಗೋತಾರ್ರಿ?"

"ಗೊತ್ತಿದ್ದೂ ಕೇಳಬ್ಯಾಡ."

ಗಂಡ ಅನ್ನಕ್ಕೆ ಮೊಸರು ಕಲಸುತ್ತಲೇ ಇದ್ದ, ತಲೆ ಎತ್ತಲಿಲ್ಲ. ನಾನು ಸಿಟ್ಟು ನುಂಗಿಕೊಂಡು ಹೇಳಿದೆ, "ಅತ್ತಿ, ಇದು ಯಾರೂ ಹುಗಿದಿಟ್ಟ ನಿಧಿ ಅಲ್ರೀ. ಹರಕ ಕಿಸೇದಾಗಿಂದ ಬಿದ್ದದ್ದು. ಬ್ರೆಡ್ ತರಾಕ ಹೊಂಟ ಯಾರೋ ಬೀಳಿಸ್ಕೊಂಡದ್ದು. ಇದಕ್ಕ ಯಾವ ಹಾವೂ ಇಲ್ಲ, ಯಾವ ದೆವ್ವಾನೂ ಇಲ್ಲ."

"ನೀ ಕಲ್ತಾಕಿ, ನಿನಗ ಎಲ್ಲಾ ಗೊತ್ತು," ಎಂದರು. ಅದರಲ್ಲಿ ಕೊಂಕಿರಲಿಲ್ಲ. ಅದೇ ನನಗೆ ಇನ್ನೂ ಹೆಚ್ಚು ಚುಚ್ಚಿತು.

ಮರುದಿನ ಫೋನ್ ಕಾರ್ಡ್ ಹಾಕಿ ಧಾರವಾಡದಲ್ಲಿ ಶಾಸ್ತ್ರ ಹೇಳುವ ಒಬ್ಬರ ಜೊತೆ ಮಾತಾಡಿದರು. ಗಟ್ಟಿಯಾಗಿಯೇ ಮಾತಾಡಿದರು, ನನಗೆ ಕೇಳಲಿ ಎಂದೇ ಇರಬೇಕು. ಆ ಕಡೆಯಿಂದ ಬಂದ ಉತ್ತರ, ನಿಧಿ ದೋಷ. ಪರಿಹಾರ ಎರಡು. ಒಂದು, ತೆಗೆದದ್ದನ್ನೆಲ್ಲ ಮತ್ತೆ ನೆಲಕ್ಕೆ ಕೊಡುವುದು. ಅದಾಗದಿದ್ದರೆ ಸತ್ತವರ ಮಣ್ಣು ಒಂದು ಎಳೆಯೂ ಉಳಿಯದ ಹಾಗೆ ತಿಕ್ಕಿ ತೊಳೆದು, ಅರಿಶಿಣ ಕುಂಕುಮ ಹಚ್ಚಿ ದೇವರ ಮುಂದೆ ಇಡುವುದು. ನಾನು ಎರಡೂ ಆಗುವುದಿಲ್ಲ ಎಂದೆ. ನನ್ನ ಗರ್ಭಕ್ಕೂ ಯಾರದೋ ಕಳೆದುಹೋದ ಚಿಲ್ಲರೆಗೂ ಸಂಬಂಧವಿದೆ ಎಂದು ಈ ಮನೆಯಲ್ಲಿ ಯಾರೂ ಹೇಳಕೂಡದು ಎಂದೆ. ಗಂಡನಿಗೆ ಬೇರೆಯಾಗಿ, ನೀನು ಬಾಯಿ ಬಿಡದಿದ್ದರೆ ನಾನು ಬಿಡುತ್ತೇನೆ ಎಂದೆ. ಅವನು, ಅವ್ವ ಆರು ತಿಂಗಳಿಗೆ ಬಂದಿದ್ದಾಳೆ, ಸ್ವಲ್ಪ ತಡಕೋ ಎಂದ.

ಸುಳ್ಳು ಬರೆಯುವುದಿಲ್ಲ. ಟ್ರಾನ್ಸ್‌ಫರ್‌ಗೆ, ಎಂದರೆ ಭ್ರೂಣವನ್ನು ಒಳಗೆ ಇಡುವ ದಿನಕ್ಕೆ, ಎರಡು ದಿನ ಇದ್ದಾಗ ನಾನು ಆ ಮರದ ಪೆಟ್ಟಿಗೆ ಮತ್ತು ಸಲಿಕೆ ಹಿಡಿದುಕೊಂಡು ಹಿತ್ತಿಲಿಗೆ ಹೋದೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ನಿಂಬೆಗಿಡದ ಬುಡದಲ್ಲಿ ಮಣ್ಣು ಮೆತ್ತಗಿತ್ತು, ಐದು ನಿಮಿಷದ ಕೆಲಸ. ಹೂತರೆ ಏನು ನಷ್ಟ, ಒಂದು ವೇಳೆ ಆದರೆ ಎಂದು ಮನಸ್ಸು ಹೇಳಿತು. ಒಂದು ವೇಳೆ ಎಂಬ ಆ ಮಾತೇ ನನ್ನನ್ನು ಕೆರಳಿಸಿದ್ದು. ಹೂತು, ಮಗುವಾದರೆ, ಆ ಮಗುವಿನ ಮುಖ ನೋಡಿದಾಗಲೆಲ್ಲ ನಾನು ತಪ್ಪಿತಸ್ಥೆಯಾಗಿದ್ದೆ ಎಂದು ಒಪ್ಪಿಕೊಂಡಂತೆ. ನಾನು ತಪ್ಪು ಮಾಡಿರಲಿಲ್ಲ. ಪೆಟ್ಟಿಗೆಯನ್ನು ವಾಪಸ್ ತಂದು ಹಲಗೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟೆ.

ಟ್ರಾನ್ಸ್‌ಫರ್ ಆಯಿತು. ಇನ್ನು ಎರಡು ವಾರ ಕಾಯಬೇಕು, ಆಮೇಲೆ ರಕ್ತಪರೀಕ್ಷೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದು ನಾನು ಆಫೀಸಿಗೆ ಹೋಗತೊಡಗಿದೆ. ಒಂಬತ್ತನೆಯ ದಿನ ಹೊಟ್ಟೆ ಹಿಂಡಿದ ಹಾಗಾಗಿ ಮಧ್ಯಾಹ್ನವೇ ರಜೆ ಹಾಕಿ ಟ್ರೇನ್ ಹತ್ತಿ ಬಂದೆ.

ಮನೆಯೊಳಗೆ ಅತ್ತೆ ಇರಲಿಲ್ಲ. ಹಿಂದಿನ ಬಾಗಿಲು ತೆಗೆದಿತ್ತು. ಹಿತ್ತಿಲಲ್ಲಿ ಬಿಸಿಲಿಗೆ ನಮ್ಮ ಸ್ಟೀಲಿನ ತಟ್ಟೆಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ತಟ್ಟೆಗಳ ತುಂಬ ನನ್ನ ನಾಣ್ಯಗಳು. ಬಾಟಲಿಯಲ್ಲಿದ್ದವು, ಪೆಟ್ಟಿಗೆಯಲ್ಲಿದ್ದವು, ಕ್ಲೇಟನ್‌ನವು, ಸಿಡ್ನಿಯವು, ಎಲ್ಲ. ತಾಮ್ರದವೆಲ್ಲ ಆಗತಾನೇ ಟಂಕಸಾಲೆಯಿಂದ ಬಂದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಒಂದೊಂದರ ಮೇಲೂ ಕುಂಕುಮದ ಬೊಟ್ಟು. ಅತ್ತೆ ಕಲ್ಲಿನ ಮೇಲೆ ಕೂತು ಕೊನೆಯದನ್ನು ಬೂದಿಯಲ್ಲಿ ಉಜ್ಜುತ್ತಿದ್ದರು. ಪಕ್ಕದ ಬೋಗುಣಿಯಲ್ಲಿ ಕಪ್ಪಗಾದ ಹುಣಸೆ ನೀರು.

"ಬಂದ್ಯಾ? ಎಲ್ಲಾ ಆತು ನೋಡು," ಎಂದರು. "ಒಂದರ ಮ್ಯಾಲೂ ಕರಿ ಉಳದಿಲ್ಲ."

ನಾನು ಒಂದು ನಾಣ್ಯ ಎತ್ತಿಕೊಂಡೆ. ರಾಣಿಯ ಮುಖದಲ್ಲಿ ಮೂಗಿರಲಿಲ್ಲ. ಇನ್ನೊಂದರಲ್ಲಿ ಇಸವಿ ಅಳಿಸಿತ್ತು. ಆರು ವರ್ಷ ನಾನು ಹಲ್ಲುಕಡ್ಡಿ ಹಿಡಿದು ಒಂದೊಂದು ಅಕ್ಷರವನ್ನು ಉಳಿಸಿದ್ದೆ. ಅವರು ಒಂದು ಬೆಳಿಗ್ಗೆಯಲ್ಲಿ ಎಲ್ಲವನ್ನೂ ಚೆನ್ನಾಗಿ ತೊಳೆದುಬಿಟ್ಟಿದ್ದರು. ನಾನು ಕಿರುಚಿದೆ. ಏನು ಕಿರುಚಿದೆನೋ ಪೂರ್ತಿ ನೆನಪಿಲ್ಲ, ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತದ್ದು ನೆನಪಿದೆ. ಬೋಗುಣಿಯನ್ನು ಕಾಲಿಂದ ಒದ್ದೆ. ಹುಣಸೆ ನೀರು ಅತ್ತೆಯ ಸೀರೆಗೆ ಸಿಡಿಯಿತು. ಅವರ ಬೆರಳ ತುದಿಗಳು ಸುಲಿದು ಕೆಂಪಗಾಗಿದ್ದವು. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ.

ಸಂಜೆ ಗಂಡ ಬಂದ. ವಿಷಯ ತಿಳಿದು, "ಅವ್ವ ಪ್ರೀತೀಲೆ ಮಾಡ್ಯಾಳ," ಎಂದ.

"ಪ್ರೀತೀಲೆ ಮಾಡಿದ್ರ ಅವಮಾನ ಅಲ್ಲೇನು?" ಎಂದೆ. ಅತ್ತೆ ಅಲ್ಲೇ ಇದ್ದರು, ಅವರಿಗೂ ಕೇಳುವ ಹಾಗೆ ಹೇಳಿದೆ. "ಈ ಸಲ ನಿಂತ್ರ, ರೊಕ್ಕ ತೊಳದದ್ದಕ್ಕ ನಿಂತತು ಅಂತೀರಿ. ನಿಲ್ಲಲಿಲ್ಲ ಅಂದ್ರ, ಎಲ್ಲೋ ಒಂದು ಮುಚ್ಚಿಟ್ಟಾಳ ಅಂತೀರಿ. ಯಾವ ಕಡೆ ಹೊಳ್ಳಿದ್ರೂ ತಪ್ಪು ನಂದ. ನಾ ಈ ಆಟ ಆಡಂಗಿಲ್ಲ."

ಹೊಳೆಯುವ ನಾಣ್ಯಗಳನ್ನು ದೇವರ ಮುಂದೆ ಇಡಲು ನಾನು ಬಿಡಲಿಲ್ಲ. ಒಂದು ಬಟ್ಟೆಯಲ್ಲಿ ಕಟ್ಟಿ ಗ್ಯಾರೇಜಿಗೆ ಒಯ್ದೆ. ಐದು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ಅವರು ಹಾಲು ಇಡುತ್ತಿದ್ದರು, ನಾನು ಕುಡಿಯುತ್ತಿರಲಿಲ್ಲ, ತಣ್ಣಗಾದ ಮೇಲೆ ಅವರೇ ಸಿಂಕಿಗೆ ಸುರಿಯುತ್ತಿದ್ದರು. ಆ ಐದು ದಿನದಲ್ಲಿ ಒಂದು ಭಾನುವಾರ ಬಂತು. ಭಾರ ಎತ್ತಬೇಡ ಎಂದು ನರ್ಸ್ ಹೇಳಿದ್ದರಿಂದ ಅಗೆಯಲು ಹೋಗುವ ಹಾಗಿರಲಿಲ್ಲ. ಡಿಟೆಕ್ಟರನ್ನು ಹಾಲ್‌ನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಟಿವಿಯ ಪಕ್ಕ ನಿಲ್ಲಿಸಿಟ್ಟೆ.

ಹದಿನಾಲ್ಕನೆಯ ದಿನ ಬೆಳಿಗ್ಗೆ ರಕ್ತ ಕೊಟ್ಟು ಬಂದೆ. ಮಧ್ಯಾಹ್ನ ನರ್ಸ್ ಫೋನ್ ಮಾಡಿದರು. ಅವರು ನನ್ನ ಹೆಸರು ಹೇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಆಗಿಲ್ಲ. ಥ್ಯಾಂಕ್ಯೂ ಎಂದು ಫೋನ್ ಇಟ್ಟು ರೂಮಿಗೆ ಹೋಗಿ ಮಲಗಿದೆ. ಗಂಡನಿಗೆ ಆಫೀಸಿಗೆ ಮೆಸೇಜ್ ಕಳಿಸಿದೆ. ಅತ್ತೆಗೆ ಏನೂ ಹೇಳಲಿಲ್ಲ, ಅವರಿಗೆ ಹೇಳುವ ಅಗತ್ಯವಿರಲಿಲ್ಲ. ನಾನು ಅಳುವುದು ಆ ತೆಳುಗೋಡೆಯ ಮನೆಯಲ್ಲಿ ಎಲ್ಲ ಕಡೆ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಮಂಚದ ತುದಿಗೆ ಕೂತರು. ಇನ್ನು ಶುರು ಮಾಡುತ್ತಾರೆ, ಯಾವ ನಾಣ್ಯ ಬಿಟ್ಟುಹೋಗಿತ್ತು ಎಂದು ಕೇಳುತ್ತಾರೆ ಎಂದು ನಾನು ಗೋಡೆಯ ಕಡೆ ತಿರುಗಿಕೊಂಡೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು.

"ನಾ ಒಂದೂ ಬಿಟ್ಟಿರಲಿಲ್ಲ," ಎಂದರು. "ಎರಡೆರಡು ಸಲ ತೊಳದೀನಿ. ಮಣ್ಣಿನ ಕಣಾನೂ ಉಳದಿರಲಿಲ್ಲ."

"ಮತ್ತ?" ಎಂದೆ, ಗೋಡೆಯ ಕಡೆ ತಿರುಗಿಕೊಂಡೇ.

"ಮತ್ತ ಯಾಕ ಹಿಂಗಾತು?"

ಅವರು ನನ್ನನ್ನು ಬಯ್ಯಲು ಕೇಳುತ್ತಿಲ್ಲ ಎಂದು ಆಗ ಹೊಳೆಯಿತು. ಲೆಕ್ಕ ಕಲಿಸಿದ ಹೆಂಗಸು, ಎಲ್ಲ ಹೆಜ್ಜೆಯನ್ನೂ ಸರಿಯಾಗಿ ಹಾಕಿಯೂ ಉತ್ತರ ಬೇರೆ ಬಂದದ್ದಕ್ಕೆ ಕಂಗಾಲಾಗಿದ್ದರು. ನಾನು ಎದ್ದು ಕೂತೆ.

ಆಮೇಲೆ ಅವರು ಹೇಳಿದ್ದನ್ನು ಅವರ ಮಗನಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಮೊದಲ ಬಸಿರಿನಲ್ಲಿ, ಹಿತ್ತಿಲಲ್ಲಿ ಬದನೆ ಸಸಿ ನೆಡುವಾಗ ಅವರಿಗೆ ಒಂದು ಬೆಳ್ಳಿ ರೂಪಾಯಿ ಸಿಕ್ಕಿತಂತೆ. ಅವರಿಗೆ ಪೇಡೆಯ ಬಯಕೆ. ಅವರ ಅತ್ತೆ, ಹೊಸ ಸೊಸೆಗೆ ನಾಲಗೆ ಚಪಲ ಎಂದು ತರಿಸಿರಲಿಲ್ಲ. ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಆ ರೂಪಾಯಿ ಕೊಟ್ಟು ಒಂದು ಪೊಟ್ಟಣ ಪೇಡೆ ತರಿಸಿ, ಕದದ ಹಿಂದೆ ನಿಂತು ಒಬ್ಬರೇ ತಿಂದರಂತೆ. ಹೆಣ್ಣು ಕೂಸು ಹುಟ್ಟಿತು. ಹನ್ನೊಂದು ತಿಂಗಳಿಗೆ ಜ್ವರ ಬಂದು ಹೋಯಿತು. ಆಗ ಆ ಹುಡುಗಿ ಬಾಯಿ ಬಿಟ್ಟಿದ್ದಾಳೆ. ಸುದ್ದಿ ಅತ್ತೆಯ ಅತ್ತೆಗೆ ಮುಟ್ಟಿದೆ.

"ನೆಲದಾಗಿನ ರೊಕ್ಕ ತಿಂದಿ, ಕೂಸಿನ್ನ ತಿಂದಿ ಅಂದ್ಳು," ಎಂದರು. "ಮಂದಿ ಕೂತಾಗ ಅಂದ್ಳು. ಅವತ್ತಿಂದ ನಾ ಪೇಡೆ ಬಾಯಾಗ ಇಟ್ಟಿಲ್ಲ. ಇವ ಹುಟ್ಟಿದ ಮ್ಯಾಲೂ ವರ್ಷ ತುಂಬೂತನಕ ನನಗ ನಿದ್ದಿ ಇಲ್ಲ. ನಿನಗ ಹಂಗ ಆಗಬಾರದಂತ ಮಾಡಿದೆ."

ನಾನು ಗಂಡನ ಆ ಅಜ್ಜಿಯನ್ನು ಫೋಟೊದಲ್ಲಿ ಮಾತ್ರ ನೋಡಿದ್ದೆ. ಧಾರವಾಡದ ಮನೆಯಲ್ಲಿ ಗಂಧದ ಹಾರ ಹಾಕಿದ್ದಾರೆ, ಮದುವೆಯಾಗಿ ಹೋದ ದಿನ ಕೈಮುಗಿಸಿದ್ದರು. ನನ್ನ ಮೈಯಲ್ಲಿದ್ದ ಸಿಟ್ಟೆಲ್ಲ ಆ ಫೋಟೊದ ಕಡೆ ತಿರುಗಿತು. ಕೂಸು ಸತ್ತ ತಾಯಿಗೆ ಹಾಗೆ ಹೇಳಿ, ತಾನು ಹಾಯಾಗಿ ಮುದುಕಿಯಾಗಿ ಸತ್ತವಳು. ಮುಂದಿನ ಸಲ ಊರಿಗೆ ಹೋದರೆ ಕೈ ಮುಗಿಯುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ, ಇಲ್ಲಿಯವರೆಗೂ ಮುಗಿದಿಲ್ಲ.

"ಆಕಿ ಹೇಳಿದ್ದು ಸುಳ್ಳು," ಎಂದೆ.

"ದೊಡ್ಡವರಿಗೆ ಹಂಗ ಅನಬ್ಯಾಡ."

"ಅಂತೀನಿ. ಸುಳ್ಳು. ನೀವು ಹಸದಿದ್ರಿ, ಪೇಡೆ ತಿಂದ್ರಿ. ಕೂಸಿಗೆ ಜ್ವರ ಬಂತು. ಎರಡಕ್ಕೂ ಸಂಬಂಧ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟು ವರ್ಷದಲ್ಲಿ ಅವರಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ, ಮಾವನೂ ಹೇಳಿರಲಿಲ್ಲ. ಅವರು ಶಾಲೆಯಲ್ಲಿ ನೂರಾರು ಮಕ್ಕಳ ಲೆಕ್ಕ ತಿದ್ದಿದವರು, ತಮ್ಮದನ್ನು ಯಾರ ಮುಂದೆಯೂ ಇಟ್ಟಿರಲಿಲ್ಲ.

"ಹಂಗಂದ್ರ ನನ್ನಿಂದ ಅಲ್ಲೇನು?" ಎಂದರು.

"ಅಲ್ರೀ."

"ಆ ರೊಕ್ಕದಿಂದ ಅಲ್ಲ?"

"ಅಲ್ಲ."

"ಪೇಡೆಯಿಂದಾನೂ ಅಲ್ಲ?"

"ಅಲ್ಲ ಅತ್ತಿ. ನಿಮ್ಮದು ತಪ್ಪಿಲ್ಲ."

"ಇನ್ನೊಮ್ಮೆ ಹೇಳು," ಎಂದರು.

ಇನ್ನೊಮ್ಮೆ ಹೇಳಿದೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಹೇಳಿದೆ. ಗಂಡ ಆಫೀಸಿನಿಂದ ಓಡಿ ಬಂದು ರೂಮಿನ ಬಾಗಿಲಲ್ಲಿ ನಿಂತಾಗಲೂ ನಾನು ಅವರ ಸುಲಿದ ಬೆರಳುಗಳನ್ನು ಹಿಡಿದುಕೊಂಡು, ನಿಮ್ಮದು ತಪ್ಪಿಲ್ಲ, ನಿಮ್ಮದು ತಪ್ಪಿಲ್ಲ ಎಂದು ಹೇಳುತ್ತಲೇ ಇದ್ದೆ, ಮತ್ತು ಆ ಹೊತ್ತಿಗೆ ಅತ್ತೆಯೂ ಅದೇ ಮಾತನ್ನು ನನಗೆ ಹೇಳುತ್ತಿದ್ದರು.